ಶಿಳ್ಳೆ ಹೊಡೆಯೋಕೆ ಬರ್ತಿದ್ದ ಹುಡುಗ: ಡಾನ್ ಬಾಸ್ಕೊ ಮತ್ತು ಟ್ಯುರಿನ್‌ನ ಬೀದಿ ಮಕ್ಕಳು

ಇವತ್ತಿನ ಕಥೆ ಇಟಲಿಯದ್ದು, ಸುಮಾರು 180 ವರ್ಷ ಹಳೇದು. ಆದರೆ ಅದಕ್ಕೂ ಮುಂಚೆ ನನ್ನದೇ ಒಂದು ಸಣ್ಣ ಕಥೆ ಹೇಳಿಬಿಡ್ತೀನಿ.

ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಅಪ್ಪ ತೀರಿಕೊಂಡ್ರು. ಶಾಲೆಗೆ ಹೋಗ್ತೀನಿ ಅಂತ ಮನೆಯಿಂದ ಹೊರಟು ಬಸ್ ಸ್ಟ್ಯಾಂಡಲ್ಲಿ ಕೂತಿರ್ತಿದ್ದೆ. ಅಲ್ಲೇ ಎದುರಿಗೆ ಒಬ್ಬರು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ರು. ನಾವೆಲ್ಲ ಅವರನ್ನ ಅಣ್ಣ ಅಂತಿದ್ವಿ. ಒಂದಿನ ಅವರು ಕರೆದು, "ಪಂಕ್ಚರ್ ಹಾಕೋಕೆ ಬರುತ್ತೇನೋ?" ಅಂದ್ರು. ಬರಲ್ಲ ಅಂದೆ. "ಬಾ, ಟ್ಯೂಬ್ ಹಿಡ್ಕೋ" ಅಂದ್ರು. ಅವತ್ತಿಂದ ದಿನಾ ಸಂಜೆ ಅಲ್ಲಿಗೆ ಹೋಗೋದು ಅಭ್ಯಾಸ ಆಯ್ತು. ಅವರು ಬುದ್ಧಿ ಹೇಳ್ತಿದ್ದದ್ದು ಕಡಿಮೆ. ದಿನಾ ಒಂದೇ ಪ್ರಶ್ನೆ ಕೇಳ್ತಿದ್ರು: "ಇವತ್ತು ಸ್ಕೂಲಲ್ಲಿ ಏನಾಯ್ತು?" ಅದಕ್ಕೆ ಉತ್ತರ ಹೇಳಬೇಕಲ್ಲ ಅನ್ನೋ ಕಾರಣಕ್ಕೇ ನಾನು ಮತ್ತೆ ಶಾಲೆಗೆ ಹೋಗೋಕೆ ಶುರು ಮಾಡಿದೆ.

ಎಷ್ಟೋ ವರ್ಷ ಆದಮೇಲೆ ಡಾನ್ ಬಾಸ್ಕೊ ಅನ್ನೋ ಪಾದ್ರಿಯ ಬಗ್ಗೆ ಓದುವಾಗ ನನಗೆ ನೆನಪಾಗಿದ್ದು ಈ ಅಂಗಡಿ. ಅದಕ್ಕೇ ಈ ಸಂಚಿಕೆ.

ಜೈಲಲ್ಲಿ ಕಂಡ ಹುಡುಗರು

ಡಾನ್ ಬಾಸ್ಕೊ ಅನ್ನೋ ಹೆಸರು ನಿಮಗೆ ಹೊಸದೇನಲ್ಲ. ಯಾವುದಾದ್ರೂ ಶಾಲೆಯ ಬೋರ್ಡಲ್ಲಿ ನೋಡಿರ್ತೀರ. 'ಡಾನ್' ಅಂದ ತಕ್ಷಣ ಸಿನಿಮಾದ ಡಾನ್ ನೆನಪಾಗಬಹುದು. ಇಟಲಿಯಲ್ಲಿ ಪಾದ್ರಿಗಳ ಹೆಸರಿನ ಹಿಂದೆ ಗೌರವಕ್ಕೆ ಸೇರಿಸೋ ಪದ ಅದು, ನಮ್ಮಲ್ಲಿ ಫಾದರ್ ಅಂತೀವಲ್ಲ, ಹಾಗೆ. ಅವರ ಪೂರ್ತಿ ಹೆಸರು ಜೊವಾನಿ ಬಾಸ್ಕೊ. ಹುಟ್ಟಿದ್ದು 1815ರ ಆಗಸ್ಟ್ 16ರಂದು, ಉತ್ತರ ಇಟಲಿಯ ಪೀಡ್‌ಮಾಂಟ್ ಸೀಮೆಯ ಬೆಕ್ಕಿ ಅನ್ನೋ ಪುಟ್ಟ ಹಳ್ಳಿಯಲ್ಲಿ.

ಅವರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಅಪ್ಪ ನ್ಯುಮೋನಿಯಾದಿಂದ ತೀರಿಹೋದರು. ತಾಯಿ ಮಾರ್ಗರಿಟಾ ಅಕ್ಷರ ಕಲಿತವರಲ್ಲ, ಹೊಲದ ಕೆಲಸ ಮಾಡಿ ಸಂಸಾರ ತೂಗಿಸಿದವರು. ಮಲಅಣ್ಣ ಅಂತೋನಿಯೊಗೆ ಈ ಹುಡುಗ ಪುಸ್ತಕ ಹಿಡಿಯೋದು ಕಂಡ್ರೆ ಆಗ್ತಿರಲಿಲ್ಲ. ಜಗಳ ಎಷ್ಟಕ್ಕೆ ಹೋಯ್ತು ಅಂದ್ರೆ, ತಾಯಿಯೇ ಮಗನನ್ನ ಬೇರೆಯವರ ಹೊಲಮನೆಯಲ್ಲಿ ಆಳಾಗಿ ಬಿಡಬೇಕಾಯ್ತು. ಆಗ ಅವನಿಗೆ ಇನ್ನೂ ಹದಿಮೂರೂ ತುಂಬಿರಲಿಲ್ಲ.

ಮುಂದೆ ಕಲೊಸ್ಸೊ ಅನ್ನೋ ವಯಸ್ಸಾದ ಪಾದ್ರಿಯೊಬ್ಬರು ಈ ಹುಡುಗನನ್ನ ಗುರುತಿಸಿ ಲ್ಯಾಟಿನ್ ಕಲಿಸಿದರು. ಮೊದಲ ಸಲ ಒಬ್ಬ ದೊಡ್ಡವರು ಅವನ ಮಾತಿಗೆ ಕಿವಿ ಕೊಟ್ಟಿದ್ದರು. ಆದರೆ 1830ರಲ್ಲಿ ಅವರೂ ತೀರಿಹೋದರು. ಆ ಹುಡುಗ ಎರಡನೇ ಸಲ ಅಪ್ಪನನ್ನ ಕಳೆದುಕೊಂಡ ಹಾಗಾಯ್ತು. ಆಮೇಲೆ ಕಿಯೇರಿ ಪಟ್ಟಣದಲ್ಲಿ ಓದುವಾಗ ಹೊಟ್ಟೆಪಾಡಿಗೆ ಟೈಲರ್ ಕೆಲಸ, ಕೆಫೆಯಲ್ಲಿ ಕೆಲಸ, ಸಿಕ್ಕಿದ್ದೆಲ್ಲ ಮಾಡಿದ.

1841ರ ಜೂನ್ 5ರಂದು ಗುರುದೀಕ್ಷೆ ಆಯ್ತು. ಅಲ್ಲಿಂದ ಟ್ಯುರಿನ್ ನಗರಕ್ಕೆ ಬಂದರು. ಆಗಿನ್ನೂ ಇಟಲಿ ಅನ್ನೋ ಒಂದು ದೇಶ ಇರಲಿಲ್ಲ. ಟ್ಯುರಿನ್ ಸಾರ್ಡೀನಿಯಾ ರಾಜ್ಯದ ರಾಜಧಾನಿ. ನಗರ ಬೆಳೀತಾ ಇತ್ತು, ಎಲ್ಲಿ ನೋಡಿದರೂ ಕಟ್ಟಡದ ಕೆಲಸ. ಗುಡ್ಡಗಾಡಿನ ಹಳ್ಳಿಗಳಿಂದ ಹುಡುಗರು ಕೆಲಸ ಹುಡುಕಿ ಬರ್ತಿದ್ರು. ಗಾರೆ ಕಲಸೋದು, ಕಲ್ಲು ಹೊರೋದು, ಹೊಗೆಗೂಡಿನೊಳಗೆ ಇಳಿದು ಮಸಿ ತೆಗೆಯೋದು. ಇರೋಕೆ ಮನೆ ಇಲ್ಲ, ಕೇಳೋಕೆ ಜನ ಇಲ್ಲ. ನಮ್ಮ ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರೋ ಹುಡುಗರನ್ನ ನೋಡಿದವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ.

ಟ್ಯುರಿನ್‌ನಲ್ಲಿ ಕಫಾಸ್ಸೊ ಅನ್ನೋ ಹಿರಿಯ ಪಾದ್ರಿ ಇವರಿಗೆ ಮಾರ್ಗದರ್ಶಕರು. ಅವರು ಈ ಯುವ ಪಾದ್ರಿಯನ್ನ ಕರ್ಕೊಂಡು ಹೋಗಿದ್ದು ಜೈಲುಗಳಿಗೆ. ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗರು, ಕೈಕಾಲು ಗಟ್ಟಿ ಇರೋರು, ಸುಮ್ಮನೆ ಕೊಳೀತಾ ಬಿದ್ದಿದ್ರು. ಡಾನ್ ಬಾಸ್ಕೊ ಮುಂದೆ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ: ಅವರನ್ನ ಹೆಚ್ಚು ಕಾಡಿದ್ದು ಈ ಹುಡುಗರು ಜೈಲಿಗೆ ಬಂದದ್ದಲ್ಲ, ಬಿಡುಗಡೆ ಆದವರು ಮತ್ತೆ ವಾಪಸ್ ಬರ್ತಿದ್ದದ್ದು. ಯಾಕೆ ಅಂತ ನೋಡಿದ್ರೆ, ಹೊರಗೆ ಅವರಿಗೆ ಅಂತ ಕಾಯೋರು ಒಬ್ಬರೂ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. "ಹುಡುಗರು ಯಾಕೆ ಕೆಡ್ತಾರೆ?" ಅನ್ನೋ ಪ್ರಶ್ನೆಗೆ ಆ ಕಾಲದಲ್ಲಿ ಎರಡು ಉತ್ತರ ರೆಡಿ ಇತ್ತು. ಒಂದು, ಹುಟ್ಟುಗುಣ. ಇನ್ನೊಂದು, ಶಿಕ್ಷೆ ಸಾಲದು. ಈ ಪಾದ್ರಿ ಮೂರನೇ ಉತ್ತರ ಕೊಟ್ಟರು: ಅವರಿಗೆ ಅಂತ ಒಬ್ಬ ಮನುಷ್ಯ ಇಲ್ಲ.

ಡಿಸೆಂಬರ್ 8, 1841

ಟ್ಯುರಿನ್‌ನ ಸಂತ ಫ್ರಾನ್ಸಿಸ್ ಅಸ್ಸಿಸಿ ಚರ್ಚು. ಅವತ್ತು ಹಬ್ಬ. ಪಾದ್ರಿಗಳು ಪೂಜಾವಸ್ತ್ರ ಹಾಕ್ಕೊಳ್ಳೋ ಒಳಕೋಣೆಯಲ್ಲಿ ಡಾನ್ ಬಾಸ್ಕೊ ಬಲಿಪೂಜೆಗೆ ತಯಾರಾಗ್ತಿದ್ರು. ಒಬ್ಬ ಹುಡುಗ ಮೂಲೆಯಲ್ಲಿ ನಿಂತಿದ್ದ. ಚರ್ಚಿನ ಕೆಲಸದವನು ಬಂದು, ಪೂಜೆಗೆ ಸಹಾಯ ಮಾಡು ಅಂದ. ಹುಡುಗ ನಂಗೆ ಗೊತ್ತಿಲ್ಲ ಅಂದ. ಗೊತ್ತಿಲ್ಲ ಅಂದ್ರೆ ಇಲ್ಲಿಗೆ ಯಾಕೆ ಬಂದೆ ಅಂತ ಕೋಲು ತಗೊಂಡು ಹೊಡೆದು ಓಡಿಸಿದ.

ಡಾನ್ ಬಾಸ್ಕೊ ಆ ಕೆಲಸದವನನ್ನ ಗದರಿಸಿ, ಹುಡುಗನನ್ನ ವಾಪಸ್ ಕರೆಸಿದರು. ಅವನು ನನ್ನ ಗೆಳೆಯ ಅಂದರು. ಆಗಿನ್ನೂ ಅವನ ಹೆಸರೂ ಇವರಿಗೆ ಗೊತ್ತಿರಲಿಲ್ಲ. ಪೂಜೆ ಮುಗಿದಮೇಲೆ ಪಕ್ಕದಲ್ಲಿ ಕೂರಿಸ್ಕೊಂಡು ಮಾತಾಡಿಸಿದರು. ಹೆಸರು ಬಾರ್ತೊಲೊಮೆಯೊ ಗರೆಲ್ಲಿ. ಊರು ಆಸ್ತಿ. ವಯಸ್ಸು ಹದಿನಾರು. ಗಾರೆ ಕೆಲಸ. ಅಪ್ಪ ಇಲ್ಲ, ಅಮ್ಮ ಇಲ್ಲ. ಓದು ಬರಹ ಬರಲ್ಲ. ಪ್ರಶ್ನೆ ಕೇಳ್ತಾ ಹೋದ ಹಾಗೆ ಎಲ್ಲದಕ್ಕೂ 'ಇಲ್ಲ', 'ಬರಲ್ಲ' ಅನ್ನೋದೇ ಉತ್ತರ.

ಈ ಕಥೆ ಹೇಳೋರೆಲ್ಲ ಇಲ್ಲಿ ಒಂದು ಸಂಗತಿ ತಪ್ಪದೆ ಸೇರಿಸ್ತಾರೆ. ಕೊನೆಗೆ ಡಾನ್ ಬಾಸ್ಕೊ, ಶಿಳ್ಳೆ ಹೊಡೆಯೋದಾದ್ರೂ ಬರುತ್ತಾ ಅಂತ ಕೇಳಿದರಂತೆ. ಹುಡುಗ ನಕ್ಕನಂತೆ. ಬರುತ್ತೆ ಅನ್ನೋದಕ್ಕೆ ಆ ನಗುವೇ ಉತ್ತರ.

ಅವತ್ತು ಆಗಿದ್ದಿಷ್ಟೇ. ಇಬ್ಬರೂ ಸೇರಿ ಒಂದು ಸಣ್ಣ ಪ್ರಾರ್ಥನೆ ಹೇಳಿದರು, ಸ್ವಲ್ಪ ಪಾಠ ಆಯ್ತು. ಮುಂದಿನ ಭಾನುವಾರ ಬಾ, ಗೆಳೆಯರು ಇದ್ದರೆ ಕರ್ಕೊಂಡು ಬಾ ಅಂದ್ರು. ಹುಡುಗ ಬಂದ, ಗೆಳೆಯರನ್ನೂ ಕರ್ಕೊಂಡು ಬಂದ. ಕೆಲವೇ ವರ್ಷಗಳಲ್ಲಿ ಆ ಗುಂಪು ನೂರಾರು ಹುಡುಗರಿಗೆ ಬೆಳೀತು.

ಯಾರಿಗೂ ಬೇಡವಾದ ಗಲಾಟೆ

ನೂರಾರು ಹದಿಹರೆಯದ ಹುಡುಗರು ಭಾನುವಾರ ಒಂದು ಕಡೆ ಸೇರಿದ್ರೆ ಏನಾಗುತ್ತೆ? ಕೂಗಾಟ, ಓಟ, ಆಟ, ಮುರಿದ ಗಿಡ. ಜಾಗ ಕೊಟ್ಟವರು ಕೆಲವೇ ವಾರಗಳಲ್ಲಿ, ದಯವಿಟ್ಟು ಬೇರೆ ಕಡೆ ನೋಡ್ಕೊಳ್ಳಿ ಅಂತಿದ್ರು. ಒಂದು ಚರ್ಚಿನಿಂದ ಇನ್ನೊಂದಕ್ಕೆ, ಅಲ್ಲಿಂದ ಬಾಡಿಗೆ ಕೋಣೆಗೆ, ಕೊನೆಗೆ ಬಯಲಿಗೆ. ಪೊಲೀಸ್ ವ್ಯವಸ್ಥೆಯ ಹೊಣೆ ಹೊತ್ತಿದ್ದ ಮಾರ್ಕ್ವಿಸ್ ಕಾವೂರ್‌ಗೆ ಅನುಮಾನ. ಇಟಲಿಯ ಏಕೀಕರಣದ ನಾಯಕ ಅಂತ ನೀವು ಓದಿರೋ ಕಾವೂರ್ ಇವರ ಮಗ. ಬೀದಿ ಹುಡುಗರ ಇಷ್ಟು ದೊಡ್ಡ ಗುಂಪು ಒಬ್ಬ ಪಾದ್ರಿಯ ಮಾತು ಕೇಳುತ್ತೆ ಅಂದ್ರೆ ನಾಳೆ ದಂಗೆಗೂ ಹೋಗಬಹುದಲ್ಲ ಅನ್ನೋದು ಅವರ ಲೆಕ್ಕ. ಈ ಪಾದ್ರಿಗೆ ತಲೆ ಕೆಟ್ಟಿದೆ ಅಂತ ಜೊತೆಯವರೇ ಮಾತಾಡ್ಕೊಂಡಿದ್ದೂ ಉಂಟು.

1846ರ ಈಸ್ಟರ್ ದಿನ, ಏಪ್ರಿಲ್ 12ರಂದು, ನಗರದ ಅಂಚಿನ ವಾಲ್ಡೊಕ್ಕೊ ಅನ್ನೋ ಜಾಗದಲ್ಲಿ ಪಿನಾರ್ದಿ ಅನ್ನೋರ ಒಂದು ಶೆಡ್ ಬಾಡಿಗೆಗೆ ಸಿಕ್ತು. ಮಾಡು ಎಷ್ಟು ತಗ್ಗು ಅಂದ್ರೆ, ನೆಟ್ಟಗೆ ನಿಲ್ಲೋಕೆ ಆಗಲಿ ಅಂತ ಒಳಗಿನ ನೆಲ ಅಗೆದು ಇಳಿಸಬೇಕಾಯ್ತು. ಅದೇ ವರ್ಷ ಅವರು ಸಾಯೋ ಹಾಗೆ ಕಾಯಿಲೆ ಬಿದ್ದರು. ಗುಣ ಆದಮೇಲೆ ನವೆಂಬರ್‌ನಲ್ಲಿ ಊರಿಂದ ತಾಯಿಯನ್ನೇ ಕರ್ಕೊಂಡು ಬಂದರು. ಸುಮಾರು 58 ವರ್ಷದ ಮಾರ್ಗರಿಟಾ ಹಳ್ಳಿ ಮನೆ ಬಿಟ್ಟು ಈ ಹುಡುಗರಿಗೆ ಬೇಯಿಸಿ ಹಾಕೋಕೆ, ಹರಿದ ಬಟ್ಟೆ ಹೊಲಿಯೋಕೆ ನಿಂತರು. ಹತ್ತು ವರ್ಷ, 1856ರಲ್ಲಿ ತೀರಿಕೊಳ್ಳೋ ತನಕ ಅಲ್ಲೇ ಇದ್ದರು.

ಎಲ್ಲವೂ ಸುಂದರವಾಗಿತ್ತು ಅಂತ ತಿಳ್ಕೋಬೇಡಿ. ಮನೆಯಿಲ್ಲದ ಕೆಲವು ಹುಡುಗರಿಗೆ ಒಂದು ರಾತ್ರಿ ಅಟ್ಟದ ಮೇಲೆ ಮಲಗೋಕೆ ಜಾಗ ಕೊಟ್ಟರು. ಬೆಳಿಗ್ಗೆ ನೋಡಿದ್ರೆ ಹುಡುಗರೂ ಇಲ್ಲ, ಕಂಬಳಿಯೂ ಇಲ್ಲ. ನಾವಾಗಿದ್ರೆ, ಇಂಥವರಿಗೆ ಉಪಕಾರ ಮಾಡಬಾರದು ಅಂತ ಅವತ್ತೇ ಬಾಗಿಲು ಹಾಕ್ತಿದ್ವೇನೋ.

1847ರ ಮೇ ತಿಂಗಳ ಒಂದು ಸಂಜೆ, ಮಳೆಯಲ್ಲಿ ಪೂರ್ತಿ ನೆಂದ ಇನ್ನೊಬ್ಬ ಹುಡುಗ ಬಾಗಿಲು ತಟ್ಟಿದ. ಸುಮಾರು ಹದಿನೈದು ವರ್ಷ, ಅನಾಥ, ವಾಲ್ಸೇಸಿಯಾ ಕಣಿವೆಯಿಂದ ಗಾರೆ ಕೆಲಸ ಹುಡುಕಿ ಬಂದವನು. ಕೈಲಿದ್ದ ಕಾಸು ಖಾಲಿಯಾಗಿತ್ತು. ಕಂಬಳಿ ಕಳೆದುಕೊಂಡ ನೆನಪು ಇನ್ನೂ ಹಸಿಯಾಗಿತ್ತು, ಇವನೂ ಏನಾದ್ರೂ ಹೊತ್ಕೊಂಡು ಹೋದ್ರೆ ಅನ್ನೋ ಅನುಮಾನವೂ ಇತ್ತು. ಆದರೂ ಒಳಗೆ ಕರೆದರು. ಮಾರ್ಗರಿಟಾ ಅಡುಗೆಮನೆಯಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಹಾಕಿ ಹಾಸಿಗೆ ಮಾಡಿದರು. ಮಲಗೋ ಮುಂಚೆ ಆ ತಾಯಿ ದುಡಿಮೆ, ಪ್ರಾಮಾಣಿಕತೆ ಬಗ್ಗೆ ಅವನ ಹತ್ರ ನಾಲ್ಕು ಒಳ್ಳೇ ಮಾತಾಡಿದರು.

ರಾತ್ರಿ ಮಲಗೋ ಮುಂಚೆ ಹೇಳೋ ಆ ನಾಲ್ಕು ಮಾತು ಮುಂದೆ ಒಂದು ಪದ್ಧತಿಯಾಯ್ತು. ಸಲೇಶಿಯನ್ ಸಂಸ್ಥೆಗಳ ಹಾಸ್ಟೆಲ್‌ಗಳಲ್ಲಿ ಇದ್ದು ಬಂದವರಿಗೆ 'ಗುಡ್ ನೈಟ್ ಟಾಕ್' ಅಂದ್ರೆ ಗೊತ್ತಿರುತ್ತೆ. ಅದರ ಬೇರು ಆ ಅಡುಗೆಮನೆಯಲ್ಲಿದೆ.

ಛಾಪಾ ಕಾಗದದ ಮೇಲಿನ ಪ್ರೀತಿ

ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಇಷ್ಟವಾಗೋ ಭಾಗಕ್ಕೆ ಈಗ ಬರ್ತೀನಿ. ಭಾನುವಾರ ಆಟ ಆಡಿಸಿದ್ರೆ ಸಾಕಾ? ಸೋಮವಾರದಿಂದ ಶನಿವಾರದ ತನಕ ಆ ಹುಡುಗ ಮಾಲೀಕನ ಕೈಯಲ್ಲಿರ್ತಾನೆ. ಕೆಲಸ ಕಲಿಸ್ತೀನಿ ಅಂತ ಸೇರಿಸ್ಕೊಂಡು ಮನೆಗೆಲಸ ಮಾಡಿಸ್ತಾರೆ, ಹೊಡೀತಾರೆ, ರಜೆ ಕೊಡಲ್ಲ. ಹಾಗಾಗಿ ಡಾನ್ ಬಾಸ್ಕೊ ವಾರದ ದಿನಗಳಲ್ಲಿ ಕಟ್ಟಡದ ಅಟ್ಟಣೆಗಳ ಹತ್ತಿರ, ವರ್ಕ್‌ಶಾಪ್‌ಗಳಿಗೆ ಹೋಗಿ ಹುಡುಗರನ್ನ ಮಾತಾಡಿಸ್ಕೊಂಡು, ಮಾಲೀಕರನ್ನೂ ವಿಚಾರಿಸ್ಕೊಂಡು ಬರ್ತಿದ್ರು.

1850ರ ದಶಕದ ಆರಂಭದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಛಾಪಾ ಕಾಗದದ ಮೇಲೆ ಕರಾರುಪತ್ರ ಬರೆಸೋಕೆ ಶುರು ಮಾಡಿದರು. ಅಂಥ ಕೆಲವು ಪತ್ರಗಳು ಇವತ್ತಿಗೂ ಉಳಿದಿವೆ. ಒಂದು ಗಾಜಿನ ಕೆಲಸ ಕಲಿಯೋ ಹುಡುಗನದು, 1851ರದ್ದು. ಇನ್ನೊಂದು ಬಡಗಿ ಕೆಲಸ ಕಲಿಯೋನದು, 1852ರ ಫೆಬ್ರವರಿಯದ್ದು. ಅದರಲ್ಲಿ ಏನಿದೆ ನೋಡಿ. ಮಾಲೀಕ ಹುಡುಗನಿಗೆ ಆ ಕಸುಬು ಬಿಟ್ಟು ಬೇರೆ ಚಾಕರಿ ಹೇಳೋ ಹಾಗಿಲ್ಲ. ತಪ್ಪು ಮಾಡಿದ್ರೆ ಬಾಯಲ್ಲಿ ತಿದ್ದಬೇಕು, ಕೈ ಎತ್ತೋ ಹಾಗಿಲ್ಲ. ಭಾನುವಾರ, ಹಬ್ಬದ ದಿನ ಪೂರ್ತಿ ಬಿಡುವು ಕೊಡಬೇಕು. ಕೆಲಸ ಕಲಿತ ಹಾಗೆ ಕೂಲಿ ಏರಬೇಕು. ಹುಡುಗ ವಿಧೇಯನಾಗಿ ದುಡಿಯಬೇಕು. ಮಾಲೀಕನ ಜೊತೆ ಡಾನ್ ಬಾಸ್ಕೊ ಅವರದ್ದೂ ಸಹಿ.

ಯೋಚನೆ ಮಾಡಿ, 1852ರಲ್ಲಿ! ಪ್ರೀತಿ ಇದೆ ಅಂತ ಬಾಯಲ್ಲಿ ಹೇಳೋದು ಸುಲಭ. ಆ ಪ್ರೀತಿಯನ್ನ ಕಲಂ ಕಲಂ ಆಗಿ ಬರೆದು, ಸಹಿ ಹಾಕಿ, ನಾಳೆ ತಪ್ಪಿದ್ರೆ ನಿನ್ನ ಕೇಳೋಕೆ ನಾನಿದ್ದೀನಿ ಅಂತ ಮಾಲೀಕನ ಎದುರು ನಿಲ್ಲೋದು ಬೇರೆ. ಮೆಂಟರ್ ಅನ್ನೋ ಪದ ನಾವಿವತ್ತು ತುಂಬ ಸಲೀಸಾಗಿ ಬಳಸ್ತೀವಿ. ಮೋಟಿವೇಷನ್ ರೀಲ್ಸ್ ಮಾಡೋರೂ ಮೆಂಟರ್‌ಗಳೇ. ಆ ಕರಾರುಪತ್ರ ಓದಿದಮೇಲೆ ನನಗೆ ಆ ಪದದ ತೂಕ ಬೇರೆಯಾಯ್ತು.

ಹೊರಗಿನ ಮಾಲೀಕರ ಮೇಲೆ ಪೂರ್ತಿ ಭರವಸೆ ಇಡೋಕಾಗಲ್ಲ ಅಂತ ಗೊತ್ತಾದಮೇಲೆ, 1853ರಿಂದ ತಮ್ಮಲ್ಲೇ ಕಸುಬಿನ ಶಾಲೆ ತೆರೆದರು. ಮೊದಲು ಚಪ್ಪಲಿ ಹೊಲಿಯೋದು, ಟೈಲರಿಂಗ್. ಆಮೇಲೆ ಪುಸ್ತಕ ಬೈಂಡಿಂಗ್, ಬಡಗಿ ಕೆಲಸ, ಮುದ್ರಣ, ಕಮ್ಮಾರಿಕೆ.

ಹುಡುಗನಿಗೆ ಹುಡುಗನೇ ಅಣ್ಣ

1857ರ ಶರತ್ಕಾಲ. ಕಾರ್ಮಾನ್ಯೋಲಾ ಅನ್ನೋ ಊರಿನ ರೈಲ್ವೆ ಸ್ಟೇಷನ್. ಮಂಜು ಕವಿದ ಸಂಜೆ, ಡಾನ್ ಬಾಸ್ಕೊ ಟ್ರೇನಿಗೆ ಕಾಯ್ತಿದ್ರು. ಮಂಜಿನೊಳಗಿಂದ ಹುಡುಗರ ಗಲಾಟೆ, ಅದರಲ್ಲಿ ಒಬ್ಬನ ದನಿ ಎಲ್ಲರ ಮೇಲೆ ಹುಕುಂ ಮಾಡ್ತಿತ್ತು. ಇವರು ಹತ್ತಿರ ಹೋದ ತಕ್ಷಣ ಉಳಿದವರೆಲ್ಲ ಓಟ ಕಿತ್ತರು. ಒಬ್ಬ ಮಾತ್ರ ಎದೆ ಉಬ್ಬಿಸಿ ನಿಂತ. ಮಿಕೆಲೆ ಮಗೋನೆ, ಹನ್ನೆರಡು-ಹದಿಮೂರು ವರ್ಷ, ಅಪ್ಪ ಇಲ್ಲ, ಅಮ್ಮ ಕಂಡವರ ಮನೆಯಲ್ಲಿ ದುಡೀತಿದ್ರು. ಆ ಪಟಾಲಂಗೆ ಇವನೇ ಲೀಡರ್.

ಡಾನ್ ಬಾಸ್ಕೊ ಅವನನ್ನ ವಾಲ್ಡೊಕ್ಕೊಗೆ ಕರೆಸ್ಕೊಂಡರು. ಅಲ್ಲಿ ಅವನ ಜೊತೆಗೆ ಅದೇ ಶಾಲೆಯ ಇನ್ನೊಬ್ಬ ಹುಡುಗನನ್ನ ಹಾಕಿದರು. ಕೆಲಸ ಇಷ್ಟೇ: ಅವನ ಜೊತೆ ಇರು, ತಪ್ಪಿದಾಗ ಮೆಲ್ಲಗೆ ಹೇಳು. ಇವತ್ತು ನಾವು ಪಿಯರ್ ಮೆಂಟರಿಂಗ್ ಅಂತ ಕರೆಯೋದು ಇದನ್ನೇ. ಕೆಲವು ವಾರ ಆದಮೇಲೆ ಮಗೋನೆ ಮಂಕಾದ. ಆಟಕ್ಕೆ ಬರ್ತಿರಲಿಲ್ಲ, ಮೂಲೆಯಲ್ಲಿ ಕೂತು ಅಳ್ತಿದ್ದ. ಸೋಮಾರಿ ಅಂತ ಯಾರೂ ಬೈಯಲಿಲ್ಲ. ಡಾನ್ ಬಾಸ್ಕೊ ಗಮನಿಸಿ, ಕರೆದು, ಅವನ ಮಾತು ಕೇಳಿದರು. ಮನಸ್ಸು ಹಗುರಾದ ಹುಡುಗ ಮತ್ತೆ ಅಂಗಳದ ತುಂಬ ಓಡಾಡೋ ಹಾಗಾದ. 1859ರ ಜನವರಿಯಲ್ಲಿ ಕಾಯಿಲೆಯಿಂದ ತೀರಿಹೋದ. ಡಾನ್ ಬಾಸ್ಕೊ ಅವನ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದು 1861ರಲ್ಲಿ ಪ್ರಕಟಿಸಿದರು. ಬೀದಿ ಹುಡುಗನೊಬ್ಬನ ಜೀವನಚರಿತ್ರೆ ಬರೆಯೋಕೆ ಯೋಗ್ಯ ಅಂತ ಒಬ್ಬರಿಗೆ ಅನ್ನಿಸ್ತಲ್ಲ, ಅದೇ ದೊಡ್ಡದು.

1859ರ ಡಿಸೆಂಬರ್ 18ರಂದು ಡಾನ್ ಬಾಸ್ಕೊ ಕೋಣೆಯಲ್ಲಿ ಹದಿನೆಂಟು ಜನ ಸೇರಿ ಸಲೇಶಿಯನ್ ಸಂಘ ಕಟ್ಟಿದರು. ಅವರಲ್ಲಿ ಹೆಚ್ಚಿನವರು ಅದೇ ಅಂಗಳದಲ್ಲಿ ಬೆಳೆದ ಯುವಕರು. ಒಬ್ಬರು ಮಿಕೆಲೆ ರುವಾ. ಅವರೂ ಚಿಕ್ಕಂದಿನಲ್ಲೇ ಅಪ್ಪನನ್ನ ಕಳೆದುಕೊಂಡವರು. 1888ರ ಜನವರಿ 31ರಂದು ಡಾನ್ ಬಾಸ್ಕೊ ತೀರಿಕೊಂಡಾಗ ಸಂಘದ ಹೊಣೆ ಹೊತ್ತಿದ್ದು ಇದೇ ರುವಾ. ಕೈ ಹಿಡಿಸಿಕೊಂಡ ಹುಡುಗ ಇನ್ನೊಬ್ಬನ ಕೈ ಹಿಡಿಯೋನಾದ.

ಪ್ರಶ್ನೆ ಕೇಳಲೇಬೇಕಲ್ಲ

ಇಷ್ಟು ಕೇಳಿದಮೇಲೆ ನಿಮ್ಮಲ್ಲಿ ಕೆಲವರಿಗೆ ಎರಡು ಪ್ರಶ್ನೆ ಬಂದಿರುತ್ತೆ. ಬರಲೇಬೇಕು.

ಮೊದಲನೇದು, ಇದೆಲ್ಲ ಧರ್ಮಪ್ರಚಾರಕ್ಕಲ್ವಾ? ಡಾನ್ ಬಾಸ್ಕೊ ಅದನ್ನ ಮುಚ್ಚಿಟ್ಟವರಲ್ಲ. ಹುಡುಗರ ಆತ್ಮ ಉಳಿಸೋದೇ ತಮ್ಮ ಗುರಿ ಅಂತ ನೇರವಾಗಿ ಹೇಳ್ತಿದ್ದ ಕಟ್ಟಾ ಕ್ಯಾಥೊಲಿಕ್ ಪಾದ್ರಿ. ತಮ್ಮ ಕಾಲದ ಪ್ರಾಟೆಸ್ಟಂಟರ ವಿರುದ್ಧ ಖಾರವಾಗಿ ಬರೆದವರು ಕೂಡ. ಅವರಿಗೆ ಬಂದ ಹುಡುಗರೂ ಕ್ಯಾಥೊಲಿಕ್ ಮನೆಗಳವರೇ. ಆದರೆ ನಮ್ಮಂಥ ಹಲವು ಧರ್ಮಗಳ ನಾಡಿನಲ್ಲಿ, ಹಸಿದ ಮಗುವಿಗೆ ಊಟ ಕೊಡೋ ಕೈ ಅದರ ನಂಬಿಕೆಯನ್ನ ಕೇಳಬಾರದು ಅನ್ನೋದು ಗಟ್ಟಿಯಾಗಿ ಹೇಳಬೇಕಾದ ಮಾತು. ಯಾವ ಧರ್ಮದ ಕೈಯಾದರೂ ಸರಿ.

ಎರಡನೇದು ಇನ್ನೂ ಕಷ್ಟದ ಪ್ರಶ್ನೆ. ದಿಕ್ಕಿಲ್ಲದ ಮಗು, ಅದರ ಮೇಲೆ ಪೂರ್ತಿ ಅಧಿಕಾರ ಇರೋ ದೊಡ್ಡವರು. ಇದು ಅಪಾಯ ಅಲ್ವಾ? ಹೌದು, ಅಪಾಯವೇ. ಐರ್ಲೆಂಡಿನಲ್ಲಿ ಕ್ರೈಸ್ತ ಧಾರ್ಮಿಕ ಸಂಘಗಳು ನಡೆಸ್ತಿದ್ದ ಮಕ್ಕಳ ಸಂಸ್ಥೆಗಳಲ್ಲಿ ದಶಕಗಟ್ಟಲೆ ನಡೆದ ಹೊಡೆತ, ಲೈಂಗಿಕ ದೌರ್ಜನ್ಯವನ್ನ 2009ರ ಸರ್ಕಾರಿ ಆಯೋಗದ ವರದಿ ಸಾವಿರಾರು ಪುಟಗಳಲ್ಲಿ ದಾಖಲಿಸಿತು. ಅದೇ ನಂಬಿಕೆ, ಅದೇ ಶಿಲುಬೆ, ಫಲ ಮಾತ್ರ ನರಕ. ಒಳ್ಳೇ ಉದ್ದೇಶ ಇದೆ ಅನ್ನೋದು ಯಾವತ್ತೂ ಸಾಕಾಗಲ್ಲ.

1877ರಲ್ಲಿ ಡಾನ್ ಬಾಸ್ಕೊ ತಮ್ಮ ವಿಧಾನದ ಬಗ್ಗೆ ಒಂದು ಚಿಕ್ಕ ಬರಹ ಬರೆದರು. ಮಕ್ಕಳನ್ನ ನಡೆಸೋಕೆ ಎರಡು ದಾರಿ ಅಂತಾರೆ. ಒಂದು, ನಿಯಮ ಹೇಳಿ, ದೂರ ನಿಂತು, ತಪ್ಪು ಮಾಡೋದನ್ನೇ ಕಾದು ಶಿಕ್ಷಿಸೋದು. ಇನ್ನೊಂದು, ತಪ್ಪು ಆಗದ ಹಾಗೆ ಮೊದಲೇ ಜೊತೆಗಿರೋದು. ಎರಡನೇದು ಅವರ ದಾರಿ, ಅದರ ಮೂರು ಕಂಬ ವಿವೇಕ, ಧರ್ಮ, ಅಕ್ಕರೆ. 1884ರಲ್ಲಿ ರೋಮಿನಿಂದ ಬರೆದ ಒಂದು ಪತ್ರದಲ್ಲಿ ಅವರ ಕಳವಳ ಏನು ಗೊತ್ತಾ? ಸಂಸ್ಥೆ ದೊಡ್ಡದಾಯ್ತು, ದೊಡ್ಡವರು ಮಕ್ಕಳ ಜೊತೆ ಅಂಗಳದಲ್ಲಿ ಇರೋದು ಕಡಿಮೆಯಾಯ್ತು. ಮಕ್ಕಳ ಮೇಲೆ ಪ್ರೀತಿ ಇದ್ರೆ ಸಾಲದು, ಆ ಪ್ರೀತಿ ಅವರಿಗೆ ಗೊತ್ತಾಗಬೇಕು ಅನ್ನೋದು ಆ ಪತ್ರದ ಸಾರ. ನನ್ನ ಮಾತು ಒಂದನ್ನ ಸೇರಿಸ್ತೀನಿ: ಆ ಪ್ರೀತಿ ಎಲ್ಲರ ಕಣ್ಣೆದುರು, ಅಂಗಳದಲ್ಲಿ, ಬರೆದಿಟ್ಟ ನಿಯಮದೊಳಗೆ ಇರಬೇಕು. ಛಾಪಾ ಕಾಗದ ಮಾಲೀಕನಿಗೆ ಬೇಕಾದ್ರೆ ಮೆಂಟರ್‌ಗೂ ಬೇಕು.

ಮೆಜೆಸ್ಟಿಕ್ ತನಕ

ಈ ಕಥೆ ನಮ್ಮೂರಿಗೂ ಬಂತು. ಸಲೇಶಿಯನ್ನರು ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ. ಆಗ ಸಂಘದ ಮುಖ್ಯಸ್ಥರಾಗಿದ್ದವರು ಅದೇ ಮಿಕೆಲೆ ರುವಾ. 1980ರಲ್ಲಿ ಬೆಂಗಳೂರಿನಲ್ಲಿ 'ಬೆಂಗಳೂರು ಓಣಿಯವರ ಸೇವಾ ಕೂಟ' ಶುರುವಾಯ್ತು. ಇಂಗ್ಲಿಷ್ ಮೊದಲಕ್ಷರಗಳನ್ನ ಜೋಡಿಸಿದ್ರೆ 'ಬಾಸ್ಕೊ' ಆಗುತ್ತೆ, ಅದು ಬೇಕಂತಲೇ ಇಟ್ಟ ಹೆಸರು. ಮನೆ ಬಿಟ್ಟು ಬಂದ ಮಕ್ಕಳು ಮೊದಲು ಇಳಿಯೋದು ಎಲ್ಲಿ? ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್. ಹಾಗಾಗಿ ಅವರ ಕಾರ್ಯಕರ್ತರ ಕೆಲಸವೂ ಅಲ್ಲಿಂದಲೇ. ಮಂಜು ಕವಿದ ಕಾರ್ಮಾನ್ಯೋಲಾ ಸ್ಟೇಷನ್‌ಗೂ ನಮ್ಮ ಮೆಜೆಸ್ಟಿಕ್‌ಗೂ ಅಂಥ ದೂರ ಏನಿಲ್ಲ.

ನೀವು ಮಾಡಬಹುದಾದದ್ದು ಏನು? ಒಂಟಿಯಾಗಿ ಅಲೀತಿರೋ ಮಗುವನ್ನ ಪ್ಲಾಟ್‌ಫಾರ್ಮ್‌ನಲ್ಲಿ ಕಂಡ್ರೆ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ, ಮನೆಗೆ ಕರ್ಕೊಂಡು ಹೋಗೋಕೂ ಹೋಗಬೇಡಿ. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ, ಉಚಿತ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಅಂಥ ಮಗುವನ್ನ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ನಿಯಮ ಇರೋದು ಮಗುವಿನ ರಕ್ಷಣೆಗೆ.

ಮತ್ತೆ, ನಿಮ್ಮದೇ ಬೀದಿಯಲ್ಲಿ, ನಿಮ್ಮದೇ ಮನೆತನದಲ್ಲಿ ಶಾಲೆ ಬಿಟ್ಟು ಮಂಕಾಗಿ ಕೂತಿರೋ ತಮ್ಮನೋ ತಂಗಿಯೋ ಇದ್ರೆ, ಮಾರ್ಕ್ಸ್ ಎಷ್ಟು ಅಂತ ಕೇಳೋ ಬದಲು ನಿಂಗೆ ಏನು ಬರುತ್ತೆ ಅಂತ ಕೇಳಿ ನೋಡಿ. ನಾಳೆನೂ ಕೇಳಿ. ನಾಡಿದ್ದೂ ಕೇಳಿ.

ನಮ್ಮೂರಿನ ಸೈಕಲ್ ಅಂಗಡಿ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ಅಣ್ಣನಿಗೆ ಡಾನ್ ಬಾಸ್ಕೊ ಅಂದ್ರೆ ಯಾರು ಅಂತ ಗೊತ್ತಿರಲಿಲ್ಲ. ಪಂಕ್ಚರ್ ಹಾಕೋದು ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ.

ನಿಮಗೂ ಇಂಥ ಅಣ್ಣನೋ ಅಕ್ಕನೋ ಟೀಚರೋ ಸಿಕ್ಕಿದ್ದರೆ, ಈ ಸಂಚಿಕೆಯನ್ನ ಅವರಿಗೊಮ್ಮೆ ಕಳಿಸಿ.